ಗುಂಡಿ ತೆಗೆದವರು, ಗುಂಡಿ ಒತ್ತಿದವರು

1

2025ರ ಜುಲೈ ತನಕ ಸಿಗಂದೂರಿಗೆ ಹೋಗುವವರು ಹೊಳೆಬಾಗಿಲಿನಲ್ಲಿ ಲಾಂಚಿಗಾಗಿ ಕಾಯಬೇಕಿತ್ತು. ಈಗ ಅಂಬಾರಗೋಡ್ಲು ಮತ್ತು ಕಳಸವಳ್ಳಿಗಳ ನಡುವೆ ಎರಡು ಕಿಲೋಮೀಟರಿಗೂ ಉದ್ದದ ಸೇತುವೆಯಾಗಿದೆ. ಆ ಸೇತುವೆಯ ಮೇಲೆ ಬಸ್ಸಿನಲ್ಲಿ ಹೋಗುವಾಗ ಬಯಲುಸೀಮೆ ಕಡೆಯ ಹುಡುಗನೊಬ್ಬ ಪಕ್ಕದಲ್ಲಿ ಕೂತಿದ್ದ ಅಜ್ಜಿಯನ್ನು ಕೇಳಿದ: “ಈ ಹೊಳೆ ಎಷ್ಟು ಆಳ ಐತಜ್ಜಿ?” ಅಜ್ಜಿ ಕಿಟಕಿಯಾಚೆ ನೋಡುತ್ತ ಹೇಳಿದಳು: “ಹೊಳೆ ಅತ್ಲಾಗಿತ್ತು ಮಾರಾಯ. ಇದು ಗುಂಡಿ. ನೀರು ತುಂಬ್ಸಿದ್ ಗುಂಡಿ. ಅಡಿಗೆ ಗದ್ದೆ ಇತ್ತು.”

ಬಸ್ಸಿನಲ್ಲಿ ಒಂದಿಬ್ಬರು ನಕ್ಕರು. ಪ್ರವಾಸಿಗಳು ಫೋಟೋ ತೆಗೆಯುವಷ್ಟು ಚೆಂದದ ನೀರನ್ನು ಗುಂಡಿ ಅಂದರೆ ನಗು ಬರುವುದು ಸಹಜ. ನನಗೆ ನಗು ಬರಲಿಲ್ಲ. ಹುಡುಗ ಕೇಳಿದ್ದು ಆಳವನ್ನು. ಅಜ್ಜಿ ಹೇಳಿದ್ದು ಆಳವನ್ನಲ್ಲ, ಆ ಆಳ ಹೇಗಾಯಿತು ಎಂಬುದನ್ನು. ಕನ್ನಡ ವಿಮರ್ಶೆಗೂ ದಲಿತ ವಿಮರ್ಶೆಗೂ ಇರುವ ವ್ಯತ್ಯಾಸ ಈ ಪ್ರಶ್ನೆ ಮತ್ತು ಉತ್ತರದ ನಡುವೆಯೇ ಇದೆ ಅಂತ ನನಗೆ ಆಮೇಲೆ ಹೊಳೆಯಿತು.

ದಲಿತ ವಿಮರ್ಶೆಗೆ ಬೇರೆ ಮಾನದಂಡ ಬೇಕೋ ಬೇಡವೋ ಎಂಬ ಚರ್ಚೆ ದಶಕಗಳಿಂದ ನಡೆದಿದೆ. ಅದನ್ನು ಮತ್ತೆ ಅದೇ ದೊಡ್ಡ ಪರಿಭಾಷೆಯಲ್ಲಿ ನಡೆಸುವ ಉತ್ಸಾಹ ನನಗಿಲ್ಲ. ಒಂದೇ ಒಂದು ಪದವನ್ನು ಹಿಡಿದು, ಅದು ನಮ್ಮ ಬದುಕಿನಲ್ಲಿ ಮತ್ತು ನಮ್ಮ ಸಾಹಿತ್ಯದಲ್ಲಿ ಹೇಗೆ ನಡೆದುಕೊಂಡಿದೆ ಎಂದು ನೋಡುವುದಷ್ಟೇ ಇಲ್ಲಿನ ಉದ್ದೇಶ. ಆ ಪದ ಗುಂಡಿ.

2

ಕಿಟೆಲ್ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾಯಿತು. ಅಲ್ಲಿಂದ ಈಚೆಗಿನ ಯಾವ ನಿಘಂಟನ್ನು ತೆರೆದರೂ ಗುಂಡಿ ಅಂದರೆ ತಗ್ಗು, ಕುಳಿ, ಹೊಂಡ. ಇನ್ನೊಂದು ಅರ್ಥ ಅಂಗಿಯ ಗುಂಡಿ. ಇದರಲ್ಲಿ ತಪ್ಪೇನೂ ಇಲ್ಲ. ಆದರೆ ಈ ಅರ್ಥಗಳೆಲ್ಲ ದಂಡೆಯ ಮೇಲೆ ನಿಂತು ಕೆಳಗೆ ನೋಡಿದವರು ಹೇಳಿದ ಅರ್ಥಗಳು. ಅಲ್ಲಿ ತಗ್ಗಿನ ಆಕಾರ ಇದೆ. ತಗ್ಗು ಮಾಡಿದವನು ಇಲ್ಲ.

ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ನಾವು ‘ಗುಂಡಿ ತೆಗೆಯೋದು’ ಅನ್ನುತ್ತೇವೆ. ಸ್ವಲ್ಪ ಯೋಚನೆ ಮಾಡಿದರೆ ಇದು ವಿಚಿತ್ರವಾದ ಮಾತು. ತೆಗೆಯುವುದು ಮಣ್ಣನ್ನು, ಉಳಿಯುವುದು ಗುಂಡಿ. ಆದರೂ ಮಾತಿನಲ್ಲಿ ಮಣ್ಣು ಮಾಯವಾಗಿ, ಗುಂಡಿಯನ್ನೇ ನೆಲದೊಳಗಿಂದ ಎತ್ತಿ ತೆಗೆದ ಹಾಗೆ ಕೇಳಿಸುತ್ತದೆ. ಕೂಲಿಯ ಲೆಕ್ಕವೂ ಹಾಗೇ. ಎಷ್ಟು ಮಣ್ಣು ಹೊತ್ತೆ ಅಂತ ಯಾರೂ ಕೇಳುವುದಿಲ್ಲ. ಎಷ್ಟು ಗುಂಡಿ ಆಯ್ತು ಅಂತ ಕೇಳುತ್ತಾರೆ. ಇಲ್ಲದ್ದನ್ನು ಲೆಕ್ಕ ಹಾಕಿ ಕೂಲಿ ಕೊಡುವ ಕೆಲಸ ಇದೊಂದೇ ಇರಬೇಕು.

ನನ್ನ ಅಪ್ಪ ಅಡಿಕೆ ತೋಟಗಳಲ್ಲಿ ಗುಂಡಿ ತೆಗೆಯುತ್ತಿದ್ದ. ಅಡಿಕೆ ಸಸಿಗೆ ಉದ್ದ ಮೂರು ಅಡಿ, ಅಗಲ ಮೂರು ಅಡಿ, ಆಳ ಮೂರು ಅಡಿ. ಒಡೇರು ಅಳತೆ ಕೋಲು ಕೊಟ್ಟರೂ ಅಪ್ಪ ಅದನ್ನು ಮುಟ್ಟುತ್ತಿರಲಿಲ್ಲ. ಅವನ ಅಳತೆ ಮೈಯಲ್ಲೇ ಇತ್ತು. “ಸೊಂಟದ ಮಟ್ಟ ಬಂದ್ರೆ ಗಿಡಕ್ಕೆ, ಎದೆ ಮಟ್ಟ ಬಂದ್ರೆ ಹೆಣಕ್ಕೆ, ತಲೆ ಮುಳುಗಿದ್ರೆ ಕಕ್ಕಸಿಗೆ” ಅನ್ನುತ್ತಿದ್ದ. ತಮಾಷೆಗೆ ಹೇಳಿದ್ದಲ್ಲ, ಕೆಲಸ ಕಲಿಸುವಾಗ ಹೇಳಿದ್ದು. ಯಾವ ನಿಘಂಟಿನಲ್ಲೂ ಇಲ್ಲದ ಮೂರು ಅರ್ಥಗಳು ಆ ಒಂದು ಮಾತಿನಲ್ಲಿವೆ. ಮೂರರಲ್ಲೂ ಅಳತೆಗೋಲು ಗುಂಡಿಯೊಳಗೆ ನಿಂತ ಮನುಷ್ಯನ ದೇಹ.

ಸಸಿ ನೆಡುವ ದಿನ ಒಡೇರ ಮನೆಯವರು ಬಂದು ಮೊದಲ ಸಸಿ ಇಡುತ್ತಿದ್ದರು. ಗುಂಡಿ ತೆಗೆದವನು ಆಗ ತೋಟದ ಬೇಲಿ ಹತ್ತಿರ ನಿಂತಿರುತ್ತಿದ್ದ. ತೋಟ ಫಲಕ್ಕೆ ಬಂದ ಮೇಲೆ ಅದಕ್ಕೊಂದು ಬೋರ್ಡು. ನಮ್ಮ ಸೀಮೆಯ ತೋಟಗಳಲ್ಲಿ, ಗದ್ದೆಗಳ ಅಂಚಿನಲ್ಲಿ, ಸಿಗಂದೂರು ಚೌಡೇಶ್ವರಿಯ ಕಾವಲಿದೆ ಎಂದು ಬರೆದ ಬೋರ್ಡುಗಳನ್ನು ನೀವು ನೋಡಿರುತ್ತೀರಿ. ಅಮ್ಮನ ಮೇಲಿನ ನಂಬಿಕೆಯನ್ನು ನಾನು ಹೀಗಳೆಯುವುದಿಲ್ಲ. ನಮ್ಮ ಕೇರಿಯವರೂ ಅಮ್ಮನಿಗೆ ಹರಕೆ ಹೊರುತ್ತಾರೆ. ನನ್ನ ಪ್ರಶ್ನೆ ಸಣ್ಣದು: ಕಳ್ಳರಿಂದ ಕಾಯುವುದಕ್ಕೆ ತೋಟವೇ ಇಲ್ಲದವನು ತನ್ನ ಬೋರ್ಡನ್ನು ಎಲ್ಲಿ ನೆಡಬೇಕು? ಬೋರ್ಡಿನ ಕಂಬಕ್ಕೂ ಗುಂಡಿ ತೆಗೆದವನು ಅವನೇ.

ಇನ್ನು ಗಾದೆಯನ್ನು ನೋಡಿ. ‘ತಾನು ತೋಡಿದ ಗುಂಡಿಗೆ ತಾನೇ ಬಿದ್ದ’ ಅನ್ನುತ್ತೇವೆ. ‘ಅವನಿಗೆ ಗುಂಡಿ ತೋಡಿದ್ರು’ ಅಂದರೆ ಮೋಸ ಮಾಡಿದರು ಅಂತ. ಕನ್ನಡದ ಲೋಕಜ್ಞಾನದಲ್ಲಿ ಗುಂಡಿ ತೋಡುವವನು ಕೇಡಿಗ, ಅವನು ಅದರಲ್ಲಿ ಬಿದ್ದರೆ ನ್ಯಾಯ. ಹೊಟ್ಟೆಪಾಡಿಗೆ ದಿನವಿಡೀ ಗುಂಡಿ ತೋಡುವ ಜನ ಈ ಗಾದೆಯನ್ನು ಕಟ್ಟಿರಲಿಕ್ಕಿಲ್ಲ. ಜನಪದವೆಲ್ಲ ಶ್ರಮಿಕರದೇ ಎಂದು ಸಲೀಸಾಗಿ ಹೇಳುವ ನಮ್ಮ ದೇಸಿವಾದಿ ಗೆಳೆಯರು ಇಲ್ಲಿ ಸ್ವಲ್ಪ ನಿಲ್ಲಬೇಕು. ಗಾದೆಗೂ ಜಾತಿಯಿದೆ.

3

ಕುಂಡ ಮತ್ತು ಗುಂಡಿ ಕಿವಿಗೆ ಅಕ್ಕತಂಗಿಯರ ಹಾಗೆ ಕೇಳಿಸುತ್ತವೆ. ಯಾವುದರಿಂದ ಯಾವುದು ಬಂತು ಎಂಬ ಜಗಳ ಭಾಷಾವಿಜ್ಞಾನಿಗಳದು. ನಮಗೆ ಮುಖ್ಯವಾದದ್ದು ಅವೆರಡರ ಬಾಳು ಹೇಗೆ ಬೇರೆಯಾಯಿತು ಎಂಬುದು. ಹೋಮಕುಂಡ ಅನ್ನುತ್ತೇವೆ, ಹೋಮದ ಗುಂಡಿ ಅನ್ನುವುದಿಲ್ಲ. ಮಲದ ಗುಂಡಿ ಅನ್ನುತ್ತೇವೆ, ಮಲಕುಂಡ ಅನ್ನುವುದಿಲ್ಲ. ನೆಲದಲ್ಲಿ ಮಾಡಿದ ತಗ್ಗು ಎರಡೂ ಕಡೆ ಒಂದೇ. ಒಂದಕ್ಕೆ ತುಪ್ಪ ಬೀಳುತ್ತದೆ, ಇನ್ನೊಂದಕ್ಕೆ ಹೇಲು ಬೀಳುತ್ತದೆ ಎಂಬುದು ವ್ಯತ್ಯಾಸದ ಒಂದು ಭಾಗ ಮಾತ್ರ. ಕುಂಡದ ಸುತ್ತ ಕೂರುವವರು ಬೇರೆ, ಗುಂಡಿಯೊಳಗೆ ಇಳಿಯುವವರು ಬೇರೆ ಎಂಬುದು ನಿಜವಾದ ವ್ಯತ್ಯಾಸ. ಕುಂಡಕ್ಕೆ ಯಾರೂ ಇಳಿಯಬೇಕಾಗಿಲ್ಲ.

ಟೊಳ್ಳು ಜಾಗಗಳಿಗೆ ನಾವು ಕೊಟ್ಟುಕೊಂಡ ಹೆಸರುಗಳನ್ನು ಸಾಲಾಗಿ ಇಟ್ಟು ನೋಡಿ. ಗರ್ಭಗುಡಿ, ಕಲ್ಯಾಣಿ, ಕುಂಡ, ಗುಹೆ ಒಂದು ಕಡೆ. ತಿಪ್ಪೆಗುಂಡಿ, ಗೊಬ್ಬರಗುಂಡಿ, ಹೆಣದ ಗುಂಡಿ, ಕಕ್ಕಸುಗುಂಡಿ ಇನ್ನೊಂದು ಕಡೆ. ಊರು ಮತ್ತು ಕೇರಿಗಳ ನಡುವಿನ ಗೆರೆ ಪದಕೋಶದ ಒಳಗೂ ಹಾಗೆಯೇ ಎಳೆದುಕೊಂಡು ಹೋಗಿದೆ.

ಈ ಗೆರೆ ಎಷ್ಟು ತೆಳ್ಳಗಿನದು, ಎಷ್ಟು ಕ್ರೂರವಾದದ್ದು ಎಂಬುದು ಮಹಾಡ್‌ನಲ್ಲಿ ಗೊತ್ತಾಯಿತು. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಚವದಾರ್ ಕೆರೆಗೆ ಇಳಿದು ನೀರು ಮುಟ್ಟಿದರು. ಆಮೇಲೆ ಸವರ್ಣೀಯರು ಸಗಣಿ, ಗಂಜಲ, ಹಾಲು, ಮೊಸರು ಸುರಿದು ಆ ಕೆರೆಯನ್ನು ಶುದ್ಧ ಮಾಡಿಕೊಂಡರು. ಕೆರೆಯ ಆಕಾರ ಬದಲಾಗಿರಲಿಲ್ಲ, ನೀರು ಬದಲಾಗಿರಲಿಲ್ಲ. ಇಳಿದವರು ಯಾರು ಎಂಬುದಷ್ಟೇ ಬದಲಾಗಿತ್ತು. ಅಷ್ಟಕ್ಕೆ ಅವರ ಕಣ್ಣಿನಲ್ಲಿ ಕೆರೆ ಹೊಲಸು ಗುಂಡಿಯಾಯಿತು.

4

ಈಗ ಸಾಹಿತ್ಯಕ್ಕೆ ಬರೋಣ. ನವ್ಯ ವಿಮರ್ಶೆ ನಮಗೆ ಕಲಿಸಿದ ದೊಡ್ಡ ಮೆಚ್ಚುಗೆಯ ಪದ ‘ಆಳ’. ಅನುಭವದ ಆಳ, ಸಂವೇದನೆಯ ಆಳ, ಆಳಕ್ಕೆ ಇಳಿಯುವುದು. ಬೈಗುಳದ ಪದ ‘ಪೊಳ್ಳು’ ಅಥವಾ ‘ಟೊಳ್ಳು’. ದಲಿತ ಬರವಣಿಗೆಗೆ ಆವೇಶವಿದೆ, ಆಳವಿಲ್ಲ ಎಂಬ ಮಾತನ್ನು ಎಷ್ಟು ಗೋಷ್ಠಿಗಳಲ್ಲಿ ಕೇಳಿಲ್ಲ! ಗುಂಡಿಯೊಳಗಿಂದ ಬಂದವನಿಗೆ ಆಳವಿಲ್ಲ ಎಂದು ದಂಡೆಯ ಮೇಲಿದ್ದವನು ತೀರ್ಪು ಕೊಡುವ ಈ ವಿಪರ್ಯಾಸವನ್ನು ಕೃತಿಗಳ ಮೂಲಕವೇ ನೋಡಬಹುದು.

ಕಾರಂತರ ‘ಚೋಮನ ದುಡಿ’ (1933) ನಮ್ಮ ಕಾದಂಬರಿಗಳಲ್ಲಿ ದಲಿತ ಬದುಕನ್ನು ಕೇಂದ್ರಕ್ಕೆ ತಂದ ಮೊದಲನೆಯವುಗಳಲ್ಲಿ ಒಂದು. ಅದರ ದೊಡ್ಡತನವನ್ನು ಒಪ್ಪಿಕೊಂಡೇ ಒಂದು ಸನ್ನಿವೇಶದ ಕಡೆ ಬೆರಳು ಮಾಡುತ್ತೇನೆ. ಚೋಮನ ಮಗ ನೀಲ ನೀರಿನ ಮಡುವಿನಲ್ಲಿ ಮುಳುಗುತ್ತಾನೆ. ದಡದಲ್ಲಿ ಜನ ಇದ್ದಾರೆ. ಹೊಲೆಯರ ಹುಡುಗನನ್ನು ಮುಟ್ಟಬೇಕಾಗುತ್ತದೆ ಎಂಬ ಕಾರಣಕ್ಕೆ ಅವನು ಉಳಿಯುವುದಿಲ್ಲ. ನಮ್ಮ ಕಡೆ ಹೊಳೆಯ ಮಡುವನ್ನೂ ಗುಂಡಿ ಎಂದೇ ಕರೆಯುತ್ತೇವೆ. ಗುಂಡಿ, ಅದರೊಳಗೊಬ್ಬ, ದಂಡೆಯ ಮೇಲೆ ನೋಡುವವರು: ನಾನು ಹೇಳುತ್ತಿರುವ ಅರ್ಥದ ಮೂರೂ ಅಂಗಗಳು ಅಲ್ಲಿವೆ. ಕಾರಂತರು ದಂಡೆಯವರನ್ನು ಕ್ಷಮಿಸಿಲ್ಲ. ಆದರೆ ಕಾದಂಬರಿಯ ಕಣ್ಣು ದಂಡೆಯ ಮೇಲೇ ಇದೆ. ನೀಲ ನೀರೊಳಗಿಂದ ಏನು ಕಂಡ ಎಂಬುದು ನಮಗೆ ತಿಳಿಯುವುದಿಲ್ಲ. ಇದು ಕಾರಂತರ ಮೇಲಿನ ದೂರಲ್ಲ. ಆ ಕಣ್ಣು ತಲುಪುವ ದೂರ ಎಷ್ಟು ಎಂದು ಹೇಳುತ್ತಿದ್ದೇನೆ.

ಅನಂತಮೂರ್ತಿಯವರ ‘ಭಾರತೀಪುರ’ (1973) ನಮ್ಮ ತೀರ್ಥಹಳ್ಳಿ ಸೀಮೆಯದೇ ಕಥೆ. ಸಾಹುಕಾರ ಜಗನ್ನಾಥ ಹೊಲೆಯರನ್ನು ಮಂಜುನಾಥನ ಗುಡಿಯೊಳಗೆ ಕರೆದೊಯ್ಯಲು ಹೊರಡುತ್ತಾನೆ. ಮೊದಲು ಮನೆಯ ಸಾಲಿಗ್ರಾಮ ಮುಟ್ಟಿ ಅನ್ನುತ್ತಾನೆ. ಅವರು ಹೆದರಿದಾಗ ಕೂಗಾಡುತ್ತಾನೆ. ಆ ಕ್ಷಣದಲ್ಲಿ ತನ್ನೊಳಗಿನ ಒಡೆಯನನ್ನು ತಾನೇ ಕಾಣುತ್ತಾನೆ. ಕನ್ನಡದಲ್ಲಿ ಇಷ್ಟು ಪ್ರಾಮಾಣಿಕವಾದ ಪುಟಗಳು ಕಡಿಮೆ. ಆದರೆ ಕೊನೆಗೆ ಏನಾಗುತ್ತದೆ? ಹೊಲೆಯರು ಒಳಗೆ ಹೋಗುವ ಮೊದಲೇ ಅರ್ಚಕರ ಮಗ ಲಿಂಗವನ್ನು ಕಿತ್ತು ಹೊಳೆಗೆ ಹಾಕಿಬಿಟ್ಟಿರುತ್ತಾನೆ. ಲಿಂಗ ಕಿತ್ತ ಜಾಗದಲ್ಲಿ ಉಳಿಯುವುದು ಒಂದು ಗುಂಡಿ. ಶತಮಾನಗಳ ಕಾಲ ಗರ್ಭಗುಡಿ ಎಂದು ಬಾಗಿಲು ಹಾಕಿಕೊಂಡಿದ್ದ ಜಾಗ, ಹೊಲೆಯರ ಕಾಲು ಬೀಳುವ ಹೊತ್ತಿಗೆ ಬರೀ ಗುಂಡಿಯಾಗುತ್ತದೆ! ವಿಮರ್ಶಕರು ಇದನ್ನು ಕ್ರಾಂತಿಯ ವ್ಯಂಗ್ಯ ಎಂದು ಓದಿದ್ದಾರೆ. ನಾನು ಇನ್ನೊಂದು ಮಾತು ಸೇರಿಸುತ್ತೇನೆ. ಊರಿನ ಎಲ್ಲ ಗುಂಡಿಗಳನ್ನು ತೆಗೆದ ಜನಕ್ಕೆ, ಈ ಒಂದು ಗುಂಡಿಯನ್ನು ತೆಗೆಯುವ ಕೆಲಸವನ್ನು ಕಾದಂಬರಿ ಕೊಡಲಿಲ್ಲ. ಅದನ್ನೂ ಒಳಗಿನವನೇ ಮಾಡಿದ. ದೇವರನ್ನು ಪ್ರತಿಷ್ಠೆ ಮಾಡುವ ಹಕ್ಕಿನ ಹಾಗೆ ಕೀಳುವ ಹಕ್ಕೂ ಅವರಿಗೇ ಉಳಿಯಿತು.

ದೇವನೂರ ಮಹಾದೇವರ ‘ಒಡಲಾಳ’ ಎಪ್ಪತ್ತರ ದಶಕದ ಕೊನೆಯಲ್ಲಿ ಬಂದಾಗ ಆದದ್ದು ಈ ಕಣ್ಣಿನ ಸ್ಥಳಾಂತರ. ಹೆಸರನ್ನೇ ನೋಡಿ. ನವ್ಯರು ಆತ್ಮಕ್ಕೆ, ಪ್ರಜ್ಞೆಗೆ ಕೊಟ್ಟಿದ್ದ ಆಳವನ್ನು ಅವರು ತಂದು ಒಡಲಿಗೆ, ಹಸಿದ ಹೊಟ್ಟೆಗೆ ಕೊಟ್ಟರು. ಸಾಕವ್ವನ ಗುಡಿಸಲಿನಲ್ಲಿ ರಾತ್ರಿಯಿಡೀ ಕದ್ದು ತಂದ ಕಡಲೆಕಾಯಿಯನ್ನು ಮನೆಮಂದಿಯೆಲ್ಲ ಸುತ್ತ ಕೂತು ತಿನ್ನುತ್ತಾರೆ, ಸಿಪ್ಪೆಯನ್ನು ಬೆಂಕಿಗೆ ಹಾಕುತ್ತಾರೆ. ಬೆಳಗ್ಗೆ ಪೊಲೀಸರು ಬಂದು ಗುಡಿಸಲನ್ನೆಲ್ಲ ಜಾಲಾಡಿದರೂ ಕಡಲೆಕಾಯಿ ಸಿಗುವುದಿಲ್ಲ. ಅದು ಪೊಲೀಸರ ಕೈ ಹೋಗಲಾರದ ಗುಂಡಿಯೊಳಗೆ ಇದೆ. ಆ ರಾತ್ರಿಯ ಪುಟಗಳಲ್ಲಿ ಕರುಣೆಗೆ ಜಾಗವಿಲ್ಲ, ಯಾಕೆಂದರೆ ಕರುಣೆಗೆ ಒಂದು ದಂಡೆ ಬೇಕು. ಅಲ್ಲಿ ದಂಡೆಯೇ ಇಲ್ಲ. ಓದುಗನೂ ಬೆಂಕಿಯ ಸುತ್ತ ಕೂತಿರುತ್ತಾನೆ. ಆಳವಿಲ್ಲ ಎನ್ನುವವರಿಗೆ ನಾನು ಈ ರಾತ್ರಿಯನ್ನು ಓದಿ ಅನ್ನುತ್ತೇನೆ.

5

ಮತ್ತೆ ಸಿಗಂದೂರಿನ ನೀರಿಗೆ ಬರುತ್ತೇನೆ. ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಅದರ ಪೂರ್ಣ ಮಟ್ಟ 1819 ಅಡಿ. ಕೆಳಗಿನ ಶರಾವತಿ ವಿದ್ಯುದಾಗಾರದಲ್ಲಿ ಹತ್ತು ಯಂತ್ರಗಳು, 1035 ಮೆಗಾವ್ಯಾಟ್. ಅದಕ್ಕೂ ಮೊದಲಿನ ಹಿರೇಭಾಸ್ಕರ ಅಣೆಕಟ್ಟು ಈಗ ಈ ನೀರಿನೊಳಗೇ ಇದೆ. ಬೇಸಿಗೆಯಲ್ಲಿ ನೀರು ತೀರ ಇಳಿದಾಗ ಮಡೆನೂರಿನ ಹತ್ತಿರ ಎದ್ದು ಕಾಣುತ್ತದೆ. ಅಣೆಕಟ್ಟನ್ನೇ ನುಂಗಿದ ಗುಂಡಿ ಇದು.

ಇಲ್ಲಿ ನಿಘಂಟಿನ ಇನ್ನೊಂದು ಅರ್ಥ ನೆನಪಿಗೆ ಬರುತ್ತದೆ. ಗುಂಡಿ ಅಂದರೆ ಒತ್ತುವ ಗುಂಡಿಯೂ ಹೌದು. ಗಣ್ಯರು ಗುಂಡಿ ಒತ್ತಿ ಯೋಜನೆ ಉದ್ಘಾಟಿಸುತ್ತಾರೆ. ಪಟ್ಟಣದವರು ಗುಂಡಿ ಒತ್ತಿದರೆ ದೀಪ ಹತ್ತುತ್ತದೆ. ಆ ಬೆಳಕಿಗಾಗಿ ಮುಳುಗಿದ ಊರುಗಳ ಜನ ಕಾಡಿನಂಚಿಗೆ ಹೋಗಿ ಸೀಮೆಎಣ್ಣೆ ಬುಡ್ಡಿಯಲ್ಲಿ ವರ್ಷಗಟ್ಟಲೆ ಬದುಕಿದರು. ಆರು ದಶಕಗಳಾದ ಮೇಲೂ ಮುಳುಗಡೆ ಸಂತ್ರಸ್ತರು ಹಕ್ಕುಪತ್ರಕ್ಕಾಗಿ ಹೋರಾಡುತ್ತಲೇ ಇದ್ದಾರೆ. ಈಗ ಅದೇ ಕಣಿವೆಯಲ್ಲಿ 2000 ಮೆಗಾವ್ಯಾಟಿನ ಪಂಪ್ಡ್ ಸ್ಟೋರೇಜ್ ಯೋಜನೆ, ಅಂದರೆ ಬೆಟ್ಟದೊಳಗೆ ಮತ್ತೆ ಸುರಂಗ, ಮತ್ತೆ ಗುಂಡಿ. ಅದರ ವಿರುದ್ಧ ಚಳವಳಿಯೂ ನಡೆದಿದೆ.

ಆದರೆ ಸಂತ್ರಸ್ತ ಎಂಬ ಪದದ ಒಳಗೂ ಮೇಲುಕೀಳು ಇದೆ. ಪರಿಹಾರ ಹೋಗುವುದು ಕಾಗದದ ದಾರಿಯಲ್ಲಿ. ಹೆಸರಿಗೆ ಭೂಮಿ ಇದ್ದವನು ಕಳಕೊಂಡದ್ದು ಭೂಮಿ. ಅದಕ್ಕೆ ಲೆಕ್ಕ ಉಂಟು. ಆ ಭೂಮಿಯಲ್ಲಿ ಕೂಲಿ ಮಾಡುತ್ತಿದ್ದವನು ಕಳಕೊಂಡದ್ದು ಕೂಲಿ, ಕೇರಿ, ಹೆಣ ಹೂಳುವ ಜಾಗ. ಅದಕ್ಕೆ ಯಾವ ಪಹಣಿ?

ಇದು ಮುಳುಗಡೆಯಿಂದ ಶುರುವಾದದ್ದೂ ಅಲ್ಲ. ಇದೇ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರ ಸತ್ಯಾಗ್ರಹ ನಡೆಯಿತು. ಎಚ್. ಗಣಪತಿಯಪ್ಪ ಮುಂದಾಳಾಗಿದ್ದರು, ಲೋಹಿಯಾ ಬಂದು ಬಂಧನಕ್ಕೊಳಗಾದರು. ಜಗಳದ ಮೂಲದಲ್ಲಿ ಇದ್ದದ್ದು ಒಂದು ಟೊಳ್ಳು: ಗೇಣಿ ಭತ್ತ ಅಳೆಯುವ ಕೊಳಗ. ಒಡೆಯರ ಕೊಳಗದ ಹೊಟ್ಟೆ ದೊಡ್ಡದಿತ್ತು. ಆ ಹೊಟ್ಟೆಯ ಅಳತೆಯನ್ನು ಪ್ರಶ್ನೆ ಮಾಡಿದ ದೀವರ ಧೈರ್ಯ ಕರ್ನಾಟಕದ ಭೂಸುಧಾರಣೆಗೆ ದಾರಿ ಮಾಡಿತು. 1974ರ ಕಾಯ್ದೆ ಉಳುವ ಗೇಣಿದಾರನನ್ನು ಒಡೆಯನನ್ನಾಗಿ ಮಾಡಿತು. ಇದನ್ನು ನಾನು ಗೌರವದಿಂದಲೇ ಹೇಳುತ್ತೇನೆ. ಆದರೆ ಗೇಣಿಗೂ ಗದ್ದೆ ಇಲ್ಲದ, ಅಳೆಯಲಿಕ್ಕೆ ಭತ್ತವೇ ಇಲ್ಲದ ಹೊಲೆಯ ಈ ಚರಿತ್ರೆಯಲ್ಲಿ ಎಲ್ಲಿ ನಿಂತಿದ್ದ? ಸಮಾಜವಾದಿ ಗೆಳೆಯರು ಬರೆದ ಕಾಗೋಡಿನ ಕಥೆಗಳಲ್ಲಿ ಅವನನ್ನು ಹುಡುಕಬೇಕಾಗುತ್ತದೆ. ಶೂದ್ರ ಮತ್ತು ದಲಿತ ಎಂದು ಒಂದೇ ಉಸಿರಿನಲ್ಲಿ ಹೇಳುವಾಗ ನಡುವೆ ಇರುವ ಗುಂಡಿಯನ್ನು ದಾಟಿಬಿಡುತ್ತೇವೆ.

ಇನ್ನೊಬ್ಬರನ್ನಷ್ಟೇ ಅಂದರೆ ಸಾಲದು. ಕಾಲೇಜು ಸೇರಿದ ಮೇಲೆ ನಾನು ಗುಂಡಿ ತೆಗೆಯುವುದನ್ನು ಬಿಟ್ಟೆ. ಅದು ಸರಿ, ಅಪ್ಪನ ಆಸೆಯೂ ಅದೇ ಆಗಿತ್ತು. ಆದರೆ ಪದವನ್ನೂ ಬಿಟ್ಟೆ. ನನ್ನ ಮೊದಲ ಕವಿತೆಗಳಲ್ಲಿ ಕಂದಕ ಇದೆ, ಕೂಪ ಇದೆ, ಶೂನ್ಯ ಇದೆ, ಗುಂಡಿ ಇಲ್ಲ. ಆ ಪದ ಬರೆದರೆ ಬೆವರಿನ ವಾಸನೆ ಹತ್ತೀತು ಅಂತ ಹೆದರಿದ್ದೆ. ನಮ್ಮ ತಲೆಮಾರಿನ ಎಷ್ಟೋ ಜನ ಹೀಗೆ ಪದಗಳನ್ನು ಮಡಿ ಮಾಡಿಕೊಂಡೇ ಸಾಹಿತ್ಯದೊಳಗೆ ಬಂದೆವು.

6

ಬಿ. ಬಸವಲಿಂಗಪ್ಪ ದೇವರಾಜ ಅರಸು ಸರ್ಕಾರದಲ್ಲಿ ಮಂತ್ರಿಯಾಗಿದ್ದಾಗ ತಲೆಯ ಮೇಲೆ ಮಲ ಹೊರುವುದನ್ನು ನಿಲ್ಲಿಸಲು ಕೈಹಾಕಿದರು. ಅದೇ ಮನುಷ್ಯ 1973ರಲ್ಲಿ ಕನ್ನಡ ಸಾಹಿತ್ಯವನ್ನು ಬೂಸಾ ಅಂದರು. ಬೂಸಾ ಅಂದದ್ದಕ್ಕೆ ರಾಜ್ಯದಲ್ಲಿ ಗಲಾಟೆಯಾಗಿ ಅವರ ಮಂತ್ರಿಗಿರಿ ಹೋಯಿತು. ಮಲದ ಬುಟ್ಟಿಯ ಬಗ್ಗೆ ಅಂಥ ಗಲಾಟೆ ಆಗಿರಲಿಲ್ಲ. ಈ ಎರಡನ್ನೂ ಒಟ್ಟಿಗೆ ಇಟ್ಟು ಓದಬೇಕು. ಗುಂಡಿಯ ಕಡೆಯಿಂದ ನೋಡಿದವನಿಗೆ ಸಾಹಿತ್ಯ ಟೊಳ್ಳಾಗಿ ಕಂಡರೆ, ಮೊದಲು ಕೇಳಬೇಕಾದದ್ದು ಅವನಿಗೆ ಸಾಹಿತ್ಯ ಗೊತ್ತೇ ಅಂತಲ್ಲ. ಸಾಹಿತ್ಯಕ್ಕೆ ಗುಂಡಿ ಗೊತ್ತೇ ಅಂತ.

ಆಮೇಲೆ 1993ರಲ್ಲಿ ಒಂದು ಕಾಯ್ದೆ ಬಂತು, 2013ರಲ್ಲಿ ಇನ್ನೊಂದು. 2010ರ ಜುಲೈನಲ್ಲಿ ಸವಣೂರಿನ ಭಂಗಿ ಸಮುದಾಯದವರು ಪುರಸಭೆಯ ಮುಂದೆ ಮೈಮೇಲೆ ಮಲ ಸುರಿದುಕೊಂಡು ಪ್ರತಿಭಟಿಸಿದರು. ಮಲದ ಗುಂಡಿಯಲ್ಲಿ ಸತ್ತವರ ಕುಟುಂಬಕ್ಕೆ ಹತ್ತು ಲಕ್ಷ ರೂಪಾಯಿ ಕೊಡಬೇಕೆಂದು 2014ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2023ರಲ್ಲಿ ಅದನ್ನು ಮೂವತ್ತು ಲಕ್ಷಕ್ಕೆ ಏರಿಸಿತು. ಮೊತ್ತ ಏರಿದೆ ಅಂದರೆ ಸಾವು ನಿಂತಿಲ್ಲ ಅಂತಲೇ ಅರ್ಥ. ಪತ್ರಿಕೆಯವರು ‘ಗುಂಡಿಗೆ ಬಿದ್ದು ಸಾವು’ ಎಂದು ಬರೆಯುತ್ತಾರೆ. ಬಿದ್ದು ಅಲ್ಲ ಸ್ವಾಮಿ, ಇಳಿಸಿ. ಒಂದು ಕ್ರಿಯಾಪದ ಬದಲಾದರೆ ಅಪಘಾತ ಹೋಗಿ ಅಪರಾಧ ಬರುತ್ತದೆ. ವಿಮರ್ಶೆ ಮಾಡಬೇಕಾದ ಕೆಲಸ ಇಂಥದ್ದೇ. ಕಥೆಯಲ್ಲಾಗಲಿ, ವರದಿಯಲ್ಲಾಗಲಿ, ಗಾದೆಯಲ್ಲಾಗಲಿ ಗುಂಡಿ ಕಂಡಾಗ ಮೂರು ಪ್ರಶ್ನೆ ಕೇಳಬೇಕು. ಇದನ್ನು ತೆಗೆದವರು ಯಾರು? ಇದರೊಳಗೆ ಇರುವವರು ಯಾರು? ಹೇಳುತ್ತಿರುವವನು ಎಲ್ಲಿ ನಿಂತಿದ್ದಾನೆ?

ಕನ್ನಡದಲ್ಲಿ ಗುಂಡಿಗೆ ಅಂದರೆ ಹೃದಯ, ಧೈರ್ಯ. ‘ಗುಂಡಿಗೆ ಇಳಿದ’ ಅಂದಾಗಲೂ ಬರುವುದು ಅದೇ ಮೂರು ಅಕ್ಷರ. ಇದು ಬರೀ ಶಬ್ದಗಳ ಆಕಸ್ಮಿಕ ಇರಬಹುದು. ಆದರೆ ಗುಂಡಿಗೆ ಇಳಿಯುವವನ ಗುಂಡಿಗೆಯನ್ನು ಹೊಗಳಿ, ಅವನನ್ನು ಶೂರನೆಂದು ಹಾಡಿ, ಮತ್ತೆ ಅಲ್ಲಿಗೇ ಇಳಿಸುವ ಕಾವ್ಯ ನಮಗೆ ಬೇಡ. ಅವನು ಮೇಲೆ ಬರಬೇಕು. ಮೇಲೆ ಬಂದು ತಾನು ಕಂಡದ್ದನ್ನು ತನ್ನ ಪದದಲ್ಲೇ ಹೇಳಬೇಕು.

ವಿದ್ಯಾರ್ಥಿ ಗೆಳೆಯರಲ್ಲಿ ಒಂದು ವಿನಂತಿ. ನಿಮ್ಮ ಕೇರಿಯಲ್ಲಿ ಗುಂಡಿ ತೆಗೆದವರು ಇನ್ನೂ ಇದ್ದಾರೆ. ಅವರ ಹತ್ತಿರ ಹೋಗಿ ಕೂತು ಅವರ ಅಳತೆಗಳನ್ನು, ಅವರ ಮಾತುಗಳನ್ನು ಬರೆದುಕೊಳ್ಳಿ. ಸೊಂಟ, ಎದೆ, ತಲೆ ಎಂಬ ನನ್ನ ಅಪ್ಪನ ಅಳತೆಯನ್ನು ಅವನು ಇರುವಾಗ ನಾನು ಬರೆದುಕೊಂಡಿರಲಿಲ್ಲ. ಅವನು ಹೋದ ದಿನ, ಎದೆ ಮಟ್ಟದ ಗುಂಡಿಯೊಳಗೆ ಗುದ್ದಲಿ ಹಿಡಿದು ನಿಂತಾಗ ಅದು ನೆನಪಾಯಿತು. ಕಾಲೇಜು ಸೇರಿದ ಮೇಲೆ ನಾನು ತೆಗೆದ ಗುಂಡಿ ಅದೊಂದೇ.